ಇಂಜೆಕ್ಟರ್ ಇಂಧನ ಸಿಡಿಸಿದಾಗ ಒತ್ತಡದ ಗೆರೆಯಲ್ಲಿ ಮುಳ್ಳು ಏಳುವುದೇಕೆ?

ಪ್ರಶ್ನೆ: ನಾವು ಯಲಹಂಕದ ಕಡೆಯ ಎಂಜಿನಿಯರಿಂಗ್ ಕಾಲೇಜೊಂದರ ಮೆಕ್ಯಾನಿಕಲ್ ವಿದ್ಯಾರ್ಥಿಗಳು. ಕಿರ್ಲೋಸ್ಕರ್ ಟಿವಿ1 ಎಂಜಿನ್ನಿನ ಹಳೆಯ ಪಂಪ್ ತೆಗೆದು, ಕಾಮನ್ ರೈಲ್ ಜೋಡಿಸಿ, ಹೊಂಗೆ ಬಯೋಡೀಸೆಲ್ ಮೇಲೆ ಪ್ರಾಜೆಕ್ಟ್ ಮಾಡುತ್ತಿದ್ದೇವೆ. ಇಂಜೆಕ್ಟರ್ ಕೆಲಸ ಮಾಡಿದಾಗಲೆಲ್ಲ ಸಿಲಿಂಡರ್ ಒತ್ತಡದ ಗೆರೆಯಲ್ಲಿ ಚೂಪಾದ ಮುಳ್ಳೊಂದು ಏಳುತ್ತದೆ. ನೂರು ಸೈಕಲ್‌ಗಳ ಸರಾಸರಿ ತೆಗೆದರೂ ಹೋಗುವುದಿಲ್ಲ. ಸ್ಟಾರ್ಟ್ ಮಾಡುವಾಗ ಕೆಲವೊಮ್ಮೆ ಇಸಿಯು (ಎಂಜಿನ್ನಿನ ಎಲೆಕ್ಟ್ರಾನಿಕ್ ನಿಯಂತ್ರಕ) ಕ್ರ್ಯಾಂಕ್ ಸಿಗ್ನಲ್ ತಪ್ಪಿದೆ ಎನ್ನುತ್ತದೆ. ಗ್ಯಾರೇಜಿನವರೊಬ್ಬರು ಇಂಜೆಕ್ಟರ್‌ಗೆ ಅಡ್ಡಲಾಗಿ ಕೆಪಾಸಿಟರ್ ಹಾಕಿ ಎಂದಿದ್ದಾರೆ. ಹಾಕಬಹುದೇ?

ಉತ್ತರ: ಹಾಕಬೇಡಿ. ಕೆಪಾಸಿಟರ್ ಬೇಡ, ಡಯೋಡ್ ಕೂಡ ಬೇಡ. ಆ ಸಲಹೆ ಕೊಟ್ಟವರು ರಿಲೇ ಕಾಯಿಲ್‌ಗಳ ಅನುಭವದಿಂದ ಮಾತಾಡಿದ್ದಾರೆ. ಅಲ್ಲಿ ಅದು ಸರಿಯಾದ ಸಲಹೆಯೇ. ಕಾಮನ್ ರೈಲ್ ಇಂಜೆಕ್ಟರ್‌ನ ಸ್ವಭಾವ ಬೇರೆ. ಅದರ ಸೊಲೆನಾಯ್ಡ್‌ನಲ್ಲಿ ಕರೆಂಟು ಥಟ್ಟನೆ ಏರಬೇಕು, ಥಟ್ಟನೆ ಇಳಿಯಬೇಕು. ಅಡ್ಡಲಾಗಿ ಡಯೋಡ್ ಇಟ್ಟರೆ ಇಸಿಯು ಕೈಬಿಟ್ಟ ಮೇಲೂ ಕರೆಂಟು ಕಾಯಿಲ್‌ನೊಳಗೇ ಸುತ್ತುತ್ತಿರುತ್ತದೆ, ಸೂಜಿ ತಡವಾಗಿ ಮುಚ್ಚುತ್ತದೆ, ನೀವು ಹೇಳಿದ್ದಕ್ಕಿಂತ ಹೆಚ್ಚು ಇಂಧನ ಒಳಗೆ ಹೋಗುತ್ತದೆ. ಕೆಪಾಸಿಟರ್ ಇಟ್ಟರೆ, ಇಸಿಯು ವೋಲ್ಟೇಜ್ ಬಿಟ್ಟ ಕ್ಷಣದಲ್ಲಿ ಅದು ಶಾರ್ಟ್ ಸರ್ಕ್ಯೂಟ್‌ನಂತೆ ಕರೆಂಟು ಎಳೆಯುತ್ತದೆ. ಡ್ರೈವರ್ ತನ್ನನ್ನು ರಕ್ಷಿಸಿಕೊಂಡು ಬಂದ್ ಆಗಬಹುದು, ಸುಟ್ಟುಹೋಗಲೂಬಹುದು.

ಈಗ ಮುಳ್ಳಿನ ಮಾತು. ಡೀಸೆಲ್ ಎಂಜಿನ್ ಮೊದಲಿನಿಂದಲೂ ಹೀಗೆ ವಿದ್ಯುತ್ ಗದ್ದಲ ಮಾಡುತ್ತಿದ್ದದ್ದಲ್ಲ. ಪೆಟ್ರೋಲ್ ಎಂಜಿನ್ನಿಗೆ ಕಿಡಿ ಬೇಕು. ಕಿಡಿ ಹಾರಿದರೆ ಹತ್ತಿರದ ರೇಡಿಯೊ ಕರಕರ ಎನ್ನುತ್ತದೆ. ಡೀಸೆಲ್‌ಗೆ ಕಿಡಿಯೇ ಬೇಡವಾದ್ದರಿಂದ ವಿದ್ಯುತ್ತಿನ ದೃಷ್ಟಿಯಲ್ಲಿ ಅದು ಬಹಳ ಸಭ್ಯ ಯಂತ್ರವಾಗಿತ್ತು. 1951ರಲ್ಲಿ ಶುರುವಾದ ಮೈಕೋ, ಅಂದರೆ ಇಂದಿನ ಬಾಷ್, ಆಡುಗೋಡಿಯಲ್ಲಿ ದಶಕಗಳ ಕಾಲ ತಯಾರಿಸಿದ ಪಂಪುಗಳು ಕ್ಯಾಮ್ ಮತ್ತು ಪ್ಲಂಜರ್‌ನ ಬಲದಿಂದಲೇ ಇಂಧನ ಒತ್ತುತ್ತಿದ್ದವು. ನಿಮ್ಮ ಊರಿನಲ್ಲೇ, ಯಲಹಂಕದಲ್ಲಿ, 1990ರ ದಶಕದ ಮೊದಲ ಭಾಗದಲ್ಲಿ ತಲಾ 21 ಮೆಗಾವಾಟ್‌ನ ಆರು ಡೀಸೆಲ್ ಯಂತ್ರಗಳ ವಿದ್ಯುತ್ ಕೇಂದ್ರ ಶುರುವಾಯಿತು. ಆ ತಲೆಮಾರಿನ ದೈತ್ಯ ಎಂಜಿನ್ನುಗಳಲ್ಲೂ ಇಂಧನ ಸಿಡಿಸುವ ಕೆಲಸ ಯಾಂತ್ರಿಕ ಪಂಪಿನದ್ದೇ. ನೀವು ಬಿಚ್ಚಿಟ್ಟ ಟಿವಿ1ರ ಪಂಪ್ ಅದೇ ವಂಶದ್ದು.

1997ರಲ್ಲಿ ಆಲ್ಫಾ ರೋಮಿಯೊ 156 ಮೂಲಕ ಕಾರುಗಳಿಗೆ ಕಾಮನ್ ರೈಲ್ ಬಂತು. ಸೂಜಿಯನ್ನು ತೆರೆದು ಮುಚ್ಚುವ ಹೊಣೆ ಸೊಲೆನಾಯ್ಡ್‌ಗೆ ಬಂತು. 2007ರಲ್ಲಿ ಡೀಸೆಲ್ ಸ್ವಿಫ್ಟ್ ಬಂದ ಮೇಲೆ ನಮ್ಮ ಬಡಾವಣೆಯ ಗ್ಯಾರೇಜುಗಳಿಗೂ ಇದು ಪರಿಚಯದ ವಸ್ತುವಾಯಿತು. 2023ರ ಜುಲೈಯಿಂದ ಜನರೇಟರುಗಳಿಗೆ ಹೊಸ ಹೊಗೆ ನಿಯಮ ಜಾರಿಯಾದ ಬಳಿಕ, ಹೆಬ್ಬಾಳ, ಸಹಕಾರನಗರದ ಅಪಾರ್ಟ್‌ಮೆಂಟುಗಳಿಗೆ ಬರುತ್ತಿರುವ ಹೊಸ ಜನರೇಟರುಗಳಲ್ಲೂ ಎಲೆಕ್ಟ್ರಾನಿಕ್ ಇಂಜೆಕ್ಷನ್ ಕಾಣುತ್ತಿದೆ. ಹಾಗಾಗಿ ನಿಮ್ಮ ಪ್ರಶ್ನೆ ಲ್ಯಾಬಿನೊಳಗೆ ಮುಗಿಯುವಂಥದ್ದಲ್ಲ.

ಇಂಜೆಕ್ಟರ್ ತಂತಿಯಲ್ಲಿ ಏನು ನಡೆಯುತ್ತದೆ ಎಂಬುದನ್ನು ಅಂಕಿಗಳಲ್ಲೇ ನೋಡೋಣ, ಏಕೆಂದರೆ ಈ ವಿಷಯದಲ್ಲಿ ಅಂಕಿಗಳೇ ಅರ್ಧ ಉತ್ತರ. ಬ್ಯಾಟರಿಯ 12 ವೋಲ್ಟ್‌ನಿಂದ ಕರೆಂಟು ಬೇಕಾದಷ್ಟು ಬೇಗ ಏರುವುದಿಲ್ಲ. ಅದಕ್ಕಾಗಿ ಇಸಿಯು ತನ್ನೊಳಗಿನ ಕೆಪಾಸಿಟರ್‌ನಲ್ಲಿ ಸುಮಾರು 65 ವೋಲ್ಟ್ ಕೂಡಿಟ್ಟುಕೊಂಡು, ಅದನ್ನು ಒಮ್ಮೆಲೇ ಕಾಯಿಲ್‌ನ ಮೇಲೆ ಬಿಡುತ್ತದೆ. ಸುಮಾರು 100 ಮೈಕ್ರೋಸೆಕೆಂಡ್‌ನಲ್ಲಿ ಕರೆಂಟು 20 ಆಂಪಿಯರ್ ಮುಟ್ಟುತ್ತದೆ. ಆಮೇಲೆ ಬ್ಯಾಟರಿಯಿಂದಲೇ 12 ಆಂಪಿಯರ್ ಸುಮಾರಿಗೆ ಹಿಡಿದಿಡುತ್ತದೆ. ಹಿಡಿದಿಡುವಾಗಲೂ ಸ್ವಿಚ್ಚನ್ನು ಸೆಕೆಂಡಿಗೆ ಸಾವಿರಾರು ಸಲದ ವೇಗದಲ್ಲಿ ಹಾಕಿ ತೆಗೆಯುತ್ತಿರುತ್ತದೆ. ಕೊನೆಗೆ ಏರಿದ್ದಕ್ಕಿಂತ ಬೇಗ ಇಳಿಸುತ್ತದೆ. ಇಷ್ಟೆಲ್ಲ ಮುಗಿಯುವುದು ಒಂದೆರಡು ಮಿಲಿಸೆಕೆಂಡ್‌ನಲ್ಲಿ.

ನಿಮ್ಮ ಎಂಜಿನ್ 1500 ಆರ್‌ಪಿಎಂನಲ್ಲಿ ಓಡುತ್ತದೆ. ಆ ವೇಗದಲ್ಲಿ ಕ್ರ್ಯಾಂಕ್ ಒಂದು ಡಿಗ್ರಿ ತಿರುಗಲು ಬೇಕಾದ ಕಾಲ 111 ಮೈಕ್ರೋಸೆಕೆಂಡ್. ಕರೆಂಟು ಏರುವ ಅವಧಿಯೂ ಹೆಚ್ಚುಕಡಿಮೆ ಅಷ್ಟೇ. ಅಂದರೆ ಈ ವಿದ್ಯುತ್ ಗದ್ದಲ ನಿಮ್ಮ ಗ್ರಾಫಿನಲ್ಲಿ ಸರಿಯಾಗಿ ಒಂದು ಡಿಗ್ರಿ ಅಗಲದ ಮುಳ್ಳಾಗಿ, ಟಿಡಿಸಿಗೆ (ಪಿಸ್ಟನ್ ಮೇಲ್ತುದಿ ಮುಟ್ಟುವ ಬಿಂದುವಿಗೆ) ಸ್ವಲ್ಪ ಮುಂಚೆ, ದಹನ ಶುರುವಾಗುವ ಜಾಗದ ಪಕ್ಕದಲ್ಲೇ ಬಂದು ಕೂರುತ್ತದೆ. ಒತ್ತಡದಿಂದ ಶಾಖ ಬಿಡುಗಡೆಯ ದರ ಲೆಕ್ಕ ಹಾಕುವಾಗ ನೀವು ಆ ಗೆರೆಯ ಇಳಿಜಾರು ತೆಗೆಯುತ್ತೀರಿ. ಇಳಿಜಾರು ತೆಗೆದಾಗ ಚಿಕ್ಕ ಮುಳ್ಳು ಸಹ ದೊಡ್ಡ ಶಿಖರವಾಗುತ್ತದೆ. ಹೊಂಗೆ ಬಯೋಡೀಸೆಲ್ ಬೇಗ ಹೊತ್ತಿಕೊಳ್ಳುತ್ತದೆ ಎಂದು ಆ ಶಿಖರ ನೋಡಿ ಪ್ರಬಂಧದಲ್ಲಿ ಬರೆದುಬಿಡುವ ಅಪಾಯ ನಿಜವಾಗಿಯೂ ಇದೆ. ನೀವು ಅನುಮಾನಪಟ್ಟು ಕೇಳಿದ್ದು ಒಳ್ಳೆಯದಾಯಿತು.

ನೂರು ಸೈಕಲ್ ಸರಾಸರಿ ಯಾಕೆ ಸೋತಿತು ಎಂಬುದೂ ಇದರಿಂದಲೇ ಗೊತ್ತಾಗುತ್ತದೆ. ಗೊತ್ತುಗುರಿಯಿಲ್ಲದೆ ಬರುವ ಗದ್ದಲವಾಗಿದ್ದರೆ ನೂರು ಸೈಕಲ್‌ಗಳ ಸರಾಸರಿಯಲ್ಲಿ ಅದು ಹತ್ತನೇ ಒಂದಕ್ಕೆ ಇಳಿಯುತ್ತಿತ್ತು. ಇದು ಪ್ರತಿ ಸೈಕಲ್‌ನಲ್ಲೂ ಅದೇ ಡಿಗ್ರಿಯಲ್ಲಿ, ಅದೇ ದಿಕ್ಕಿನಲ್ಲಿ ಬರುತ್ತದೆ. ಸರಾಸರಿಯ ಕಣ್ಣಿಗೆ ಇದು ಸಿಗ್ನಲ್ಲೇ. ಸುತ್ತಲಿನದೆಲ್ಲ ನಯವಾಗುವುದರಿಂದ ಮುಳ್ಳು ಇನ್ನೂ ಸ್ಪಷ್ಟವಾಗಿ ಕಾಣುತ್ತದೆ.

ಇದು ವಿದ್ಯುತ್ತಿನದೇ, ದಹನದ್ದಲ್ಲ ಎಂದು ಮೊದಲು ಖಾತ್ರಿ ಮಾಡಿಕೊಳ್ಳಿ. ಎಂಜಿನ್ ನಿಲ್ಲಿಸಿ, ರೈಲ್‌ನ ಒತ್ತಡ ಪೂರ್ತಿ ಇಳಿದ ಮೇಲೆ, ಒತ್ತಡ ಅಳೆಯುವ ವ್ಯವಸ್ಥೆಯನ್ನು ಹಾಗೇ ಇಟ್ಟು, ಇಸಿಯುವಿನ ಪರೀಕ್ಷಾ ಆಜ್ಞೆಯಿಂದ ಇಂಜೆಕ್ಟರನ್ನು ಕೆಲವೇ ಸಲ ತಟ್ಟಿಸಿ. ಸಿಲಿಂಡರಿನಲ್ಲಿ ಏನೂ ನಡೆಯುತ್ತಿಲ್ಲ. ಆದ್ದರಿಂದ ಗೆರೆ ಚಪ್ಪಟೆಯಾಗಿರಬೇಕು. ಮುಳ್ಳು ಎದ್ದರೆ ಅದು ತಂತಿಯಿಂದಲೇ ಬಂದದ್ದು. ಹೆಚ್ಚು ಹೊತ್ತು ಒಣಗಿದ ಇಂಜೆಕ್ಟರನ್ನು ತಟ್ಟಿಸಬೇಡಿ. ಡೀಸೆಲ್ಲೇ ಅದಕ್ಕೆ ಎಣ್ಣೆ. ಪ್ರತಿ ಬದಲಾವಣೆಯ ನಂತರವೂ ಈ ಪರೀಕ್ಷೆಯನ್ನೇ ಮಾಡಿ, ಮುಳ್ಳಿನ ಎತ್ತರ ಬರೆದಿಟ್ಟುಕೊಳ್ಳಿ. ಎಂಜಿನ್ ಓಡಿಸಿ ಹುಡುಕುವುದಕ್ಕಿಂತ ಇದು ಸುರಕ್ಷಿತ, ಬೇಗವೂ ಹೌದು.

ಒಂದು ಅಗ್ಗದ ಉಪಕರಣವೂ ಇದೆ: ಹಳೆಯ ಟ್ರಾನ್ಸಿಸ್ಟರ್ ರೇಡಿಯೊ. ಮೀಡಿಯಂ ವೇವ್‌ನಲ್ಲಿ ಬೆಂಗಳೂರು ಆಕಾಶವಾಣಿಯ 612 ಕಿಲೋಹರ್ಟ್ಸ್‌ನಿಂದ ಸ್ವಲ್ಪ ಪಕ್ಕಕ್ಕೆ, ಯಾವ ನಿಲ್ದಾಣವೂ ಇಲ್ಲದ ಕಡೆ ಡಯಲಿನ ಮುಳ್ಳು ನಿಲ್ಲಿಸಿ, ರೇಡಿಯೊವನ್ನು ಹಾರ್ನೆಸ್‌ನ ಉದ್ದಕ್ಕೂ ನಿಧಾನವಾಗಿ ಒಯ್ಯಿರಿ. ನಾಲ್ಕು ಸ್ಟ್ರೋಕ್‌ನ ಒಂದೇ ಸಿಲಿಂಡರ್ 1500 ಆರ್‌ಪಿಎಂನಲ್ಲಿ ಸೆಕೆಂಡಿಗೆ ಹನ್ನೆರಡೂವರೆ ಸಲ ಇಂಜೆಕ್ಟ್ ಮಾಡುತ್ತದೆ. ಆ ಟಕಟಕ ಕಿವಿಗೆ ಚೆನ್ನಾಗಿ ಸಿಗುತ್ತದೆ. ಡೈನಮೊಮೀಟರ್‌ನ ನಿಯಂತ್ರಕದ ಗದ್ದಲ ಹಾಗಲ್ಲ, ಸೆಕೆಂಡಿಗೆ ನೂರರ ಗುಂಯ್‌ಗುಟ್ಟುವಿಕೆ. ಯಾವುದು ಯಾರದ್ದು ಎಂದು ಕಿವಿಯೇ ಬೇರ್ಪಡಿಸಿಕೊಡುತ್ತದೆ. ಟಕಟಕ ಎಲ್ಲಿ ಜೋರಾಗುತ್ತದೋ ಅಲ್ಲಿ ಇಂಜೆಕ್ಟರ್‌ನ ಎರಡು ತಂತಿಗಳು ಒಂದನ್ನೊಂದು ಬಿಟ್ಟು ದೂರವಾಗಿರುತ್ತವೆ.

ನನಗೆ ಹೇಳಬೇಕಾದ ಮುಖ್ಯ ಮಾತು ಇಲ್ಲೇ ಇದೆ. ಇಂಜೆಕ್ಟರ್‌ಗೆ ಹೋದ ಕರೆಂಟು ಇಸಿಯುವಿಗೆ ಮರಳಲೇಬೇಕು. ಹೋಗುವ ತಂತಿಗೂ ಬರುವ ತಂತಿಗೂ ನಡುವೆ ಎಷ್ಟು ಜಾಗ ಬಿಟ್ಟಿದ್ದೀರೋ ಅಷ್ಟೂ ಜಾಗ ಕಾಂತಕ್ಷೇತ್ರವನ್ನು ಹೊರಚೆಲ್ಲುವ ಬಳೆ. ಸೆನ್ಸರ್ ತಂತಿಗಳ ನಡುವೆ ಬಿಟ್ಟ ಜಾಗ ಅದನ್ನು ಹಿಡಿಯುವ ಬಳೆ. ಈ ಎರಡು ಬಳೆಗಳು ಒಂದು ಮೀಟರ್ ಉದ್ದ ಜೊತೆಜೊತೆಗೆ ಸಾಗಿ, ಅವುಗಳ ಪರಸ್ಪರ ಇಂಡಕ್ಟನ್ಸ್ ಅರ್ಧ ಮೈಕ್ರೋಹೆನ್ರಿಯಾದರೂ ಇದ್ದರೆ, 100 ಮೈಕ್ರೋಸೆಕೆಂಡ್‌ನಲ್ಲಿ 20 ಆಂಪಿಯರ್ ಏರುವಾಗ ಸೆನ್ಸರ್ ತಂತಿಯಲ್ಲಿ 0.1 ವೋಲ್ಟ್ ಹುಟ್ಟುತ್ತದೆ. ಕ್ರ್ಯಾಂಕ್ ಸೆನ್ಸರ್ ಕಾಂತ-ಕಾಯಿಲ್ ಮಾದರಿಯದ್ದಾದರೆ, ಸ್ಟಾರ್ಟ್ ಮಾಡುವಾಗಿನ ನಿಧಾನಗತಿಯಲ್ಲಿ ಅದು ಕೊಡುವುದೇ ಕೆಲವು ನೂರು ಮಿಲಿವೋಲ್ಟ್. ವೇಗ ಹೆಚ್ಚಿದಂತೆ ಅದರ ಸಿಗ್ನಲ್ ಬಲವಾಗುವುದರಿಂದ ಓಡುವಾಗ ತೊಂದರೆ ಕಾಣುವುದಿಲ್ಲ. ನಿಮಗೆ ಸ್ಟಾರ್ಟ್ ಮಾಡುವಾಗ ಮಾತ್ರ ಎಡವಟ್ಟಾಗುತ್ತಿರುವುದು ಇದಕ್ಕೆ ಸರಿಹೊಂದುತ್ತದೆ. 60 ಹಲ್ಲಿನ ಜಾಗದಲ್ಲಿ ಎರಡನ್ನು ಬಿಟ್ಟ ಚಕ್ರವಾದರೆ, ಇಸಿಯು ಒಂದು ಸುಳ್ಳು ಹಲ್ಲು ಎಣಿಸಿದರೂ 6 ಡಿಗ್ರಿಯ ತಪ್ಪು.

ಮಾಡಬೇಕಾದ ಮೊದಲ ಕೆಲಸ ಹಾಗಾಗಿ ತಂತಿ ಹೆಣೆಯುವುದು. ಇಂಜೆಕ್ಟರ್‌ನ ಎರಡೂ ತಂತಿಗಳನ್ನು ಇಸಿಯು ಕನೆಕ್ಟರ್‌ನಿಂದ ಇಂಜೆಕ್ಟರ್ ಕನೆಕ್ಟರ್‌ವರೆಗೆ ಒಂದಕ್ಕೊಂದು ಸುತ್ತಿ; 25ರಿಂದ 40 ಮಿಲಿಮೀಟರ್‌ಗೆ ಒಂದು ಸುತ್ತು ಬರಲಿ. ಪ್ರತಿ ಸುತ್ತಿನಲ್ಲೂ ಬಳೆಯ ದಿಕ್ಕು ತಿರುಗುತ್ತದೆ, ಪಕ್ಕಪಕ್ಕದ ಬಳೆಗಳ ಕ್ಷೇತ್ರಗಳು ಒಂದನ್ನೊಂದು ಅಳಿಸುತ್ತವೆ. ತುದಿಯಲ್ಲಿ ಬಿಚ್ಚಿದ ಭಾಗ 50 ಮಿಲಿಮೀಟರ್ ಮೀರದಿರಲಿ. ಎಂಜಿನ್ ಬ್ಲಾಕೇ ನೆಗೆಟಿವ್ ಆಗಲಿ ಎಂಬ ಉಳಿತಾಯ ಇಲ್ಲಿ ನಡೆಯುವುದಿಲ್ಲ. ಕ್ರ್ಯಾಂಕ್ ಸೆನ್ಸರ್‌ಗೂ ಹೆಣೆದ ಜೋಡಿಯೇ ಬೇಕು, ಮೇಲೆ ಶೀಲ್ಡ್ ಇರಲಿ, ಶೀಲ್ಡ್‌ನ ತುದಿ ಇಸಿಯು ಕಡೆ ಮಾತ್ರ ಅರ್ಥ್ ಆಗಲಿ. ಎರಡೂ ಜೋಡಿಗಳನ್ನು ಒಂದೇ ಕೊಳವೆಯಲ್ಲಿ ತುರುಕಬೇಡಿ. ಎಂಜಿನ್ನಿನ ಒಂದು ಬದಿಗೆ ಇಂಜೆಕ್ಟರ್ ತಂತಿ, ಇನ್ನೊಂದು ಬದಿಗೆ ಸೆನ್ಸರ್ ತಂತಿ ಹೋದರೆ ಚೆನ್ನ. ದಾಟಲೇಬೇಕಾದಲ್ಲಿ ಅಡ್ಡಡ್ಡ ದಾಟಲಿ. ಇಷ್ಟಕ್ಕೆ ಬೇಕಾದ ತಂತಿ ಎಸ್‌ಪಿ ರಸ್ತೆಯಲ್ಲಿ ಸಿಗುತ್ತದೆ. ಮರೆಯದೆ ಕೇಳಬೇಕಾದ್ದು ತಂತಿಯ ಹೊದಿಕೆ ಎಷ್ಟು ಶಾಖ ತಡೆಯುತ್ತದೆ ಎಂಬುದನ್ನು ಮಾತ್ರ.

ಅಲ್ಯೂಮಿನಿಯಂ ಹಾಳೆ ಸುತ್ತಿದರೆ ಸಾಕಲ್ಲವೇ ಎಂದು ಅನೇಕರು ಕೇಳುತ್ತಾರೆ. ಹಾಳೆ ವಿದ್ಯುತ್ ಕ್ಷೇತ್ರವನ್ನು ತಡೆಯುತ್ತದೆ. ಈ ಕಡಿಮೆ ಆವರ್ತನದ ಕಾಂತಕ್ಷೇತ್ರ ತೆಳ್ಳಗಿನ ಅಲ್ಯೂಮಿನಿಯಂ ಅನ್ನು ಲೆಕ್ಕಕ್ಕೇ ಇಡುವುದಿಲ್ಲ. ಅಂಗಡಿಯವರು ಕೊಡುವ ಕ್ಲಿಪ್ ಫೆರೈಟ್ ಕೂಡ ಹಾಗೆಯೇ: ಹತ್ತಾರು ಮೆಗಾಹರ್ಟ್ಸ್‌ನ ರೇಡಿಯೊ ಗದ್ದಲಕ್ಕೆ ಅದು ಮದ್ದು, ನಿಮ್ಮ ಕಿಲೋಹರ್ಟ್ಸ್ ಮುಳ್ಳಿಗೆ ಅಲ್ಲ.

ಗದ್ದಲ ಬರುವ ಇನ್ನೊಂದು ದಾರಿ ಅರ್ಥ್. ಮನೆಯಲ್ಲಿ ಬೋರ್‌ವೆಲ್ ಮೋಟರ್ ಶುರುವಾದಾಗ ದೀಪ ಒಂದು ಕ್ಷಣ ಮಂಕಾಗುವುದಕ್ಕೆ ಕಾರಣ, ಎರಡಕ್ಕೂ ಒಂದೇ ತಂತಿಯ ಪ್ರತಿರೋಧ ಹಂಚಿಕೆಯಾಗಿರುವುದು. ಇಸಿಯುವಿನ ನೆಗೆಟಿವ್ ತಂತಿಯೂ ತುಕ್ಕು ಹಿಡಿದ ಬೋಲ್ಟೂ ಸೇರಿ 10 ಮಿಲಿಓಮ್ ಆದರೆ, 20 ಆಂಪಿಯರ್ ಹರಿದಾಗ 0.2 ವೋಲ್ಟ್ ಬೀಳುತ್ತದೆ. ರೈಲ್ ಒತ್ತಡದ ಸೆನ್ಸರ್ 0.5ರಿಂದ 4.5 ವೋಲ್ಟ್‌ನಲ್ಲಿ 0ಯಿಂದ 1800 ಬಾರ್ ತೋರಿಸುವಂಥದ್ದು ಎಂದುಕೊಳ್ಳಿ. ಅದರ ನೆಗೆಟಿವ್ ತಂತಿಯನ್ನು ಅನುಕೂಲಕ್ಕೆಂದು ಎಂಜಿನ್ ಬ್ಲಾಕಿಗೆ ಜೋಡಿಸಿದ್ದರೆ ಆ 0.2 ವೋಲ್ಟ್ 90 ಬಾರ್‌ನ ಸುಳ್ಳಾಗುತ್ತದೆ. ಇಸಿಯು ಆ ಸುಳ್ಳನ್ನು ನಂಬಿ ಪಂಪಿನ ಒತ್ತಡ ತಿದ್ದಲು ಹೊರಡುತ್ತದೆ. ಸೆನ್ಸರ್‌ಗಳ ನೆಗೆಟಿವ್ ಇಸಿಯುವಿನ ಸೆನ್ಸರ್-ಅರ್ಥ್ ಪಿನ್‌ಗೇ ಹೋಗಲಿ. ಇಸಿಯುವಿನ ಪವರ್ ಅರ್ಥ್ ದಪ್ಪ ತಂತಿಯಲ್ಲಿ ನೇರ ಬ್ಯಾಟರಿಗೆ ಹೋಗಲಿ. ಎಂಜಿನ್ ಬ್ಲಾಕಿನಿಂದ ಬ್ಯಾಟರಿಗೆ ಪ್ರತ್ಯೇಕ ಜಡೆಪಟ್ಟಿ ಇರಲಿ. ಅದರ ಕೆಳಗಿನ ಬಣ್ಣ ಕೆರೆದು ಲೋಹ ಕಾಣುವಂತೆ ಮಾಡಿ.

ಸಿಲಿಂಡರ್ ಒತ್ತಡದ ಗೆರೆ ಮಾತ್ರ ಇವೆಲ್ಲಕ್ಕಿಂತ ಸೂಕ್ಷ್ಮ, ಅದರ ಕಥೆಯೇ ಬೇರೆ. ಪೀಜೋ ಹರಳು ಕೊಡುವುದು ವೋಲ್ಟೇಜ್ ಅಲ್ಲ, ಚಾರ್ಜ್. ಸಾಮಾನ್ಯ ಸೆನ್ಸರ್‌ನಲ್ಲಿ ಒಂದು ಬಾರ್‌ಗೆ ಸುಮಾರು 16 ಪಿಕೊಕೂಲಂಬ್. ಈಗ ಇಂಜೆಕ್ಟರ್ ತಂತಿಗೂ ಈ ಕೇಬಲ್‌ನ ಒಳತಂತಿಗೂ ನಡುವೆ ಬರೀ ಒಂದು ಪಿಕೊಫ್ಯಾರಡ್ ಕೆಪಾಸಿಟನ್ಸ್ ಇದೆ ಎನ್ನಿ. ಶೀಲ್ಡ್ ಇಲ್ಲದ ಎರಡು ತಂತಿಗಳು ಕೆಲವು ಸೆಂಟಿಮೀಟರ್ ಹತ್ತಿರ ಬಂದರೂ ಸಾಕು ಇಷ್ಟಾಗಲು. ಆ ಕಡೆ 65 ವೋಲ್ಟ್ ಜಿಗಿದಾಗ ಈ ಕಡೆ 65 ಪಿಕೊಕೂಲಂಬ್ ಬಂದು ಸೇರುತ್ತದೆ. ಅದು 4 ಬಾರ್. ಇಂಧನ ಹೊತ್ತಿಕೊಂಡ ಮೊದಲ ಕ್ಷಣದ ಒತ್ತಡವನ್ನು ನಕಲು ಮಾಡಲು ಅಷ್ಟು ಬೇಕಾದಷ್ಟಾಯಿತು.

ಆದ್ದರಿಂದ ಸೆನ್ಸರ್‌ನಿಂದ ಚಾರ್ಜ್ ಆಂಪ್ಲಿಫೈಯರ್‌ವರೆಗಿನ ಕೇಬಲ್ ಆದಷ್ಟು ಚಿಕ್ಕದಿರಲಿ, ನಡುವೆ ಕತ್ತರಿಸಿ ಬೆಸೆದ ಗಂಟು ಇರದಿರಲಿ. ಟಿವಿ ಕೇಬಲ್ ಇಲ್ಲಿ ನಡೆಯುವುದಿಲ್ಲ. ಕಂಪನದಲ್ಲಿ ಅದರ ಪದರಗಳು ಒಂದಕ್ಕೊಂದು ಉಜ್ಜಿಯೇ ಚಾರ್ಜ್ ಹುಟ್ಟಿಸುತ್ತವೆ. ಒಳಗೆ ವಾಹಕ ಪದರ ಬಳಿದ ಕಡಿಮೆ-ಗದ್ದಲದ ಕೋಆಕ್ಸ್ ಕೇಬಲ್ಲೇ ಬೇಕು. ಹೊಂಗೆ ಎಣ್ಣೆಯ ಕೈಯಿಂದ ಕನೆಕ್ಟರ್ ಮುಟ್ಟಬೇಡಿ. ಈ ಸರ್ಕ್ಯೂಟ್‌ನ ನಿರೋಧ ಲಕ್ಷಕೋಟಿ ಓಮ್‌ನ ಮಟ್ಟದ್ದು. ಬೆರಳಿನ ತೇವ, ಎಣ್ಣೆಯ ತೆಳುಪದರ ಅದನ್ನು ಕೆಡಿಸುತ್ತದೆ, ಗೆರೆ ಮೆಲ್ಲಗೆ ಜಾರತೊಡಗುತ್ತದೆ. ಆಂಪ್ಲಿಫೈಯರ್ ಅರ್ಥ್‌ನಿಂದ ಬೇರ್ಪಟ್ಟದ್ದಾದರೆ ಒಳ್ಳೆಯದು. ಅದಲ್ಲದಿದ್ದರೆ ಒಂದು ಸಣ್ಣ ಪ್ರಯೋಗ: ಕಂಪ್ಯೂಟರ್ ಬದಲು ಚಾರ್ಜರ್ ತೆಗೆದ ಲ್ಯಾಪ್‌ಟಾಪ್ ಜೋಡಿಸಿ. 50 ಹರ್ಟ್ಸ್‌ನ ಅಲೆ ಮಾಯವಾದರೆ, ಎಂಜಿನ್ ಮತ್ತು ಗೋಡೆಯ ಪ್ಲಗ್ ಎರಡೂ ಕಡೆ ಅರ್ಥ್ ಆಗಿ ಒಂದು ದೊಡ್ಡ ಬಳೆ ಕಟ್ಟಿದ್ದಿರಿ ಎಂದರ್ಥ.

ಆಸಿಲೋಸ್ಕೋಪ್ ಬಗ್ಗೆ ಎಚ್ಚರಿಕೆಯ ಮಾತು ಹೇಳಲೇಬೇಕು. ಇಂಜೆಕ್ಟರ್‌ನ ಎರಡು ತಂತಿಗಳಲ್ಲಿ ಯಾವುದೂ ಅರ್ಥ್ ಅಲ್ಲ; ಮೇಲೊಂದು ಸ್ವಿಚ್, ಕೆಳಗೊಂದು ಸ್ವಿಚ್ ಇರುತ್ತದೆ. ಸ್ಕೋಪ್‌ನ ಮೊಸಳೆ ಕ್ಲಿಪ್ ಗೋಡೆಯ ಪ್ಲಗ್ ಮೂಲಕ ಅರ್ಥ್ ಆಗಿರುತ್ತದೆ. ಅದನ್ನು ಇಂಜೆಕ್ಟರ್ ತಂತಿಗೆ ಕಚ್ಚಿಸಿದರೆ ಇಸಿಯುವಿನ ಡ್ರೈವರ್ ಶಾರ್ಟ್ ಆಗಬಹುದು. ಡಿಫರೆನ್ಷಿಯಲ್ ಪ್ರೋಬ್ ಅಥವಾ ಕರೆಂಟ್ ಕ್ಲ್ಯಾಂಪ್ ಬಳಸಿ. ಸ್ಕೋಪ್ ತೋರಿಸುವ ಮುಳ್ಳೆಲ್ಲ ನಿಜವೂ ಅಲ್ಲ. ಪ್ರೋಬ್‌ನ ತುದಿಯನ್ನು ಅದರದೇ ಅರ್ಥ್ ಕ್ಲಿಪ್‌ಗೆ ಕಚ್ಚಿಸಿ, ಎಂಜಿನ್ ಹತ್ತಿರ ಹಿಡಿಯಿರಿ. ಆಗಲೂ ಮುಳ್ಳು ಕಂಡರೆ, ಆ ಉದ್ದನೆಯ ಅರ್ಥ್ ತಂತಿಯೇ ಬಳೆಯಾಗಿ ಗದ್ದಲ ಹಿಡಿಯುತ್ತಿದೆ. ಇನ್ನು, ಎಂಜಿನ್ ಓಡುವಾಗ ಇಂಜೆಕ್ಟರ್ ಕನೆಕ್ಟರ್ ಬಿಚ್ಚಬೇಡಿ, ಹೈಪ್ರೆಷರ್ ಪೈಪಿನ ಸೋರಿಕೆಯನ್ನು ಕೈಯಿಂದ ಮುಟ್ಟಿ ನೋಡಬೇಡಿ. ಸಾವಿರ ಬಾರ್ ಮೀರಿದ ಒತ್ತಡದ ಡೀಸೆಲ್ ಎಳೆ ಚರ್ಮ ಸೀಳಿ ಒಳಗೆ ಇಳಿಯುತ್ತದೆ. ಅದು ತಕ್ಷಣ ಆಸ್ಪತ್ರೆಗೆ ಓಡಬೇಕಾದ ಗಾಯ.

ವಾಹನಗಳಲ್ಲಿ ಇದೇ ತೊಂದರೆ ಬರುವುದು ಹೆಚ್ಚಾಗಿ ಆಮೇಲೆ ಮಾಡಿದ ರಿಪೇರಿಯಿಂದ. ಯಶವಂತಪುರದ ದೇವರಾಜ ಅರಸು ಟ್ರಕ್ ಟರ್ಮಿನಲ್‌ನಂಥ ಕಡೆ ಲಾರಿ ನಿಲ್ಲಿಸಿಕೊಂಡವರು ಇದನ್ನು ಓದುತ್ತಿದ್ದರೆ ಒಂದೆರಡು ಮಾತು. ಕಂಪನಿಯ ಹಾರ್ನೆಸ್‌ನಲ್ಲಿ ಇಂಜೆಕ್ಟರ್ ತಂತಿ ಹೆಣೆದೇ ಬಂದಿರುತ್ತದೆ. ಇಲಿ ಕಚ್ಚಿದಾಗಲೋ ಸುಟ್ಟಾಗಲೋ ಎರಡಡಿ ನೇರ ತಂತಿ ಸೇರಿಸಿ ಟೇಪ್ ಸುತ್ತಿದರೆ ಆ ಹೆಣಿಗೆ ಅಲ್ಲಿಗೆ ಮುರಿಯಿತು. ಇಂಜೆಕ್ಟರ್ ಕಾಯಿಲ್‌ನ ಪ್ರತಿರೋಧ ಒಂದು ಓಮ್‌ಗಿಂತಲೂ ಕಡಿಮೆ. ಸಡಿಲ ಗಂಟಿನ 0.1 ಓಮ್ ಕೂಡ ಅಲ್ಲಿ ದೊಡ್ಡದು. ಹಾರ್ನ್, ಎಲ್‌ಇಡಿ ಪಟ್ಟಿ, ಜಿಪಿಎಸ್ ಪೆಟ್ಟಿಗೆಯ ತಂತಿಗಳನ್ನು ಎಂಜಿನ್ ಹಾರ್ನೆಸ್‌ಗೆ ಕಟ್ಟಬೇಡಿ, ಇಸಿಯು ಅರ್ಥ್ ಬೋಲ್ಟಿಗೆ ಸೇರಿಸಬೇಡಿ. ಆಲ್ಟರ್ನೇಟರ್‌ನ ಡಯೋಡ್ ಒಂದು ಸತ್ತಿದ್ದರೂ ಬ್ಯಾಟರಿಯ ಮೇಲೆ ಅಲೆ ಏಳುತ್ತದೆ. ಎಂಜಿನ್ ಓಡುವಾಗ ಮೀಟರನ್ನು ಎಸಿಗೆ ತಿರುಗಿಸಿ ಬ್ಯಾಟರಿ ಮೇಲೆ ಅಳೆದಾಗ ಅರ್ಧ ವೋಲ್ಟ್ ದಾಟಿದರೆ ಮೊದಲು ಅದನ್ನು ನೋಡಿ.

ಫಿಲ್ಟರ್ ಕೊನೆಗೆ. ತಂತಿ, ಅರ್ಥ್, ಕೇಬಲ್ ಸರಿಮಾಡಿದ ಮೇಲೂ ಅದು ಬೇಕು, ಬೇರೆ ಕಾರಣಕ್ಕೆ. ನಿಮ್ಮ ಎನ್‌ಕೋಡರ್ ಡಿಗ್ರಿಗೆ ಒಂದು ಅಳತೆ ಕೊಡುವಂಥದ್ದಾದರೆ 1500 ಆರ್‌ಪಿಎಂನಲ್ಲಿ ಸೆಕೆಂಡಿಗೆ 9000 ಅಳತೆ. 4500 ಹರ್ಟ್ಸ್ ಮೀರಿದ ಗದ್ದಲವೆಲ್ಲ ಮಡಿಚಿಕೊಂಡು ಕಡಿಮೆ ಆವರ್ತನದ ವೇಷದಲ್ಲಿ ಒಳಬರುತ್ತದೆ. ಆಮೇಲೆ ಯಾವ ಸಾಫ್ಟ್‌ವೇರೂ ಅದನ್ನು ಹೊರಹಾಕಲಾರದು. ಹಾಗಾಗಿ ಫಿಲ್ಟರ್ ಅಳತೆಗೆ ಮುಂಚೆ, ಆಂಪ್ಲಿಫೈಯರ್‌ನಲ್ಲೇ ಇರಬೇಕು. 4 ಕಿಲೋಹರ್ಟ್ಸ್‌ನ ಸರಳ ಫಿಲ್ಟರ್ ಸಿಗ್ನಲ್ಲನ್ನು ಸುಮಾರು 40 ಮೈಕ್ರೋಸೆಕೆಂಡ್ ತಡಮಾಡುತ್ತದೆ, ಅಂದರೆ ಡಿಗ್ರಿಯ ಮೂರನೇ ಒಂದು ಭಾಗಕ್ಕಿಂತ ತುಸು ಹೆಚ್ಚು. ಟಿಡಿಸಿ ಹೊಂದಿಸುವಾಗ ಇದನ್ನು ಲೆಕ್ಕಕ್ಕೆ ತನ್ನಿ.

ಇಂಜೆಕ್ಷನ್ ಯಾವಾಗ ಶುರುವಾಯಿತು ಎಂದು ತಿಳಿಯಲು ಆ ಮುಳ್ಳನ್ನೇ ಗುರುತಾಗಿ ಇಟ್ಟುಕೊಳ್ಳುವ ಆಸೆಯೂ ಬರಬಹುದು. ಅದರ ಬದಲು ಕರೆಂಟ್ ಕ್ಲ್ಯಾಂಪ್‌ನ ಸಿಗ್ನಲ್ಲನ್ನು ಬೇರೆ ಚಾನೆಲ್‌ನಲ್ಲಿ ದಾಖಲಿಸಿ. ಒತ್ತಡದ ಗೆರೆ ಒತ್ತಡದ್ದೊಂದೇ ಆಗಿರಲಿ. ಈವರೆಗೆ ಕೂಡಿಟ್ಟ ದತ್ತಾಂಶದಲ್ಲಿ ಗರಿಷ್ಠ ಒತ್ತಡ, ಸರಾಸರಿ ಪರಿಣಾಮಕಾರಿ ಒತ್ತಡದಂಥ ಅಂಕಿಗಳಿಗೆ ಒಂದು ಡಿಗ್ರಿಯ ಮುಳ್ಳಿನಿಂದ ಹೆಚ್ಚು ಹಾನಿಯಾಗಿರಲಾರದು. ದಹನ ವಿಳಂಬ, ಶಾಖ ಬಿಡುಗಡೆಯ ಶಿಖರ, ಒತ್ತಡ ಏರಿಕೆಯ ದರ ಈ ಮೂರನ್ನು ಮಾತ್ರ ಹೊಸ ಹಾರ್ನೆಸ್ ಕಟ್ಟಿದ ಮೇಲೆ ಮತ್ತೆ ಅಳೆಯಿರಿ. ಡೀಸೆಲ್ ಮತ್ತು ಹೊಂಗೆ ಎರಡಕ್ಕೂ, ಅದೇ ಇಂಜೆಕ್ಷನ್ ಕೋನದಲ್ಲಿ, ಅದೇ ರೈಲ್ ಒತ್ತಡದಲ್ಲಿ.